ಚೇಣಿ ಕರಾರಿಗೆ ಇರುವ ಎಚ್ಚರ ಗೇಮಿಂಗ್ ಕರಾರಿಗೆ ಏಕಿಲ್ಲ?

ಅಡಿಕೆ ತೋಟವನ್ನು ಚೇಣಿಗೆ (ಫಸಲು ಗುತ್ತಿಗೆಗೆ) ಕೊಡುವಾಗ ತೀರ್ಥಹಳ್ಳಿ, ಸಾಗರದ ಕಡೆ ಮಾತು ಸುಲಭಕ್ಕೆ ಮುಗಿಯುವುದಿಲ್ಲ. ಹಸಿ ಅಡಿಕೆ ತೂಕ ಎಲ್ಲಿ, ಕ್ವಿಂಟಾಲಿಗೆ ಎಷ್ಟು ಒಣ ಅಡಿಕೆ, ಉದುರಿದ್ದು ಯಾರಿಗೆ, ಮುಂಗಡ ಎಷ್ಟು ಎಂಬುದೆಲ್ಲ ಇತ್ಯರ್ಥವಾದ ಮೇಲೇ ಕೊನೆಗಾರ (ಅಡಿಕೆ ಗೊನೆ ಕೊಯ್ಯುವವ) ಮರ ಹತ್ತುವುದು. ಅದೇ ಮನೆಯ 19ರ ಹುಡುಗನಿಗೆ ಬಿಜಿಎಂಐ ಎಂಬ ಮೊಬೈಲ್ ಆಟದ ತಂಡವೊಂದು ವಾಟ್ಸಾಪಿನಲ್ಲಿ ಕಳಿಸಿದ 14 ಪುಟದ ಇಂಗ್ಲಿಷ್ ಕರಾರಿನ ಪಿಡಿಎಫ್‌ಗೆ ಮಾತ್ರ ರಾತ್ರಿ ಸ್ಕ್ರಿಮ್ಸ್ (ಅಭ್ಯಾಸ ಪಂದ್ಯ) ಮುಗಿಯುತ್ತಿದ್ದಂತೆ ಸಹಿ ಬಿದ್ದುಬಿಡುತ್ತದೆ. ಪರದೆಯ ಮೇಲೆ ಬೆರಳಲ್ಲಿ ಗೀಚಿದ್ದಕ್ಕೆ ಬೆಲೆಯಿಲ್ಲ ಎಂಬ ಧೈರ್ಯ ಬೇಡ. ಎಲೆಕ್ಟ್ರಾನಿಕ್ ರೂಪದಲ್ಲಿ ಆಯಿತು ಎಂಬ ಒಂದೇ ಕಾರಣಕ್ಕೆ ಕರಾರು ಬಿದ್ದುಹೋಗುವುದಿಲ್ಲ.

ಎಲ್ಲರೂ ಮೊದಲು ಸಂಬಳದ ಅಂಕಿ ನೋಡುತ್ತಾರೆ. ನೋಡಬೇಕಾದದ್ದು ಆಟವೇ ನಿಂತರೆ ಏನು ಎಂಬ ಕಲಮು. ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರ್ 2ರಂದು ನಿಷೇಧವಾಯಿತು. ಅದರ ಜಾಗಕ್ಕೆ ಬಿಜಿಎಂಐ ಬಂದದ್ದು 2021ರ ಜುಲೈನಲ್ಲಿ. 2022ರ ಜುಲೈ 28ರಂದು ಅದೂ ಆ್ಯಪ್ ಸ್ಟೋರ್‌ಗಳಿಂದ ಮಾಯವಾಯಿತು, ಮರಳಿದ್ದು 2023ರ ಮೇ ತಿಂಗಳಲ್ಲಿ. ಮೂರು ವರ್ಷದೊಳಗೆ ಹತ್ತತ್ತು ತಿಂಗಳ ಎರಡು ಬರಗಾಲ. ಕರಾರುಗಳಲ್ಲಿ ಇದಕ್ಕೆ ಬರೆಯುವ ಸಾಲು ಹೆಚ್ಚುಕಡಿಮೆ ಹೀಗಿರುತ್ತದೆ: ‘ಆಟ ಲಭ್ಯವಿಲ್ಲದ ಅವಧಿಗೆ ಸಂಬಳವಿಲ್ಲ; ಕರಾರಿನ ಅವಧಿ ಅಷ್ಟು ದಿನ ಮುಂದಕ್ಕೆ ಹೋಗುತ್ತದೆ.’ ಮೊದಲರ್ಧ ಒಪ್ಪಬಹುದು. ಎರಡನೆಯದೇ ಕುತ್ತಿಗೆಗೆ ಬರುವುದು. ಒಂದು ವರ್ಷದ ಕರಾರು ಎರಡು ವರ್ಷದ ಹತ್ತಿರ ಹೋಗುತ್ತದೆ, ನಡುವೆ ಬೇರೆ ತಂಡಕ್ಕೂ ಹೋಗುವಂತಿಲ್ಲ. ‘60 ದಿನ ಮೀರಿದರೆ ಆಟಗಾರ ಬಯ್‌ಔಟ್ (ಬಿಡುಗಡೆ ಹಣ) ಕೊಡದೆ ಹೊರಹೋಗಬಹುದು’ ಎಂದು ಸೇರಿಸಿ ಎಂದು ಕೇಳಿ. ತಂಡಗಳು ಇದಕ್ಕೆ ಅಷ್ಟೇನೂ ಜಗ್ಗಾಡಬೇಕಿಲ್ಲ, ಆಡದ ಆಟಗಾರನಿಂದ ಅವರಿಗೂ ಲಾಭವಿಲ್ಲ.

ಬಯ್‌ಔಟ್ ಮೊತ್ತದ್ದು ಬೇರೆ ಕಥೆ. ತಿಂಗಳಿಗೆ ₹25,000 ಸಂಬಳ, ಬಿಟ್ಟುಹೋಗಲು ₹10 ಲಕ್ಷ ಎಂದಿದ್ದರೆ ಅದು 40 ತಿಂಗಳ ದುಡಿಮೆ. ಸಂಬಳದ ಇಂತಿಷ್ಟು ಪಟ್ಟು ಎಂದು ಬರೆಸಿ, ಅದೂ ಇಳಿಯುತ್ತ ಹೋಗಲಿ: ಮೊದಲ ಆರು ತಿಂಗಳಿಗೆ 12 ಪಟ್ಟು, ಆಮೇಲೆ 6, ಕೊನೆಯ ಮೂರು ತಿಂಗಳಿಗೆ ಸೊನ್ನೆ. ಕರಾರು ಮುಗಿದ ಮೇಲೂ ಆರು ತಿಂಗಳು ಬೇರೆಡೆ ಆಡಬಾರದು ಎಂಬ ಸಾಲು ಕಂಡರೆ ಹೆದರಬೇಡಿ. ಭಾರತೀಯ ಕರಾರು ಕಾಯ್ದೆ, 1872ರ 27ನೇ ಕಲಂ ಪ್ರಕಾರ ಅದು ನಿಲ್ಲುವುದಿಲ್ಲ. ಆದರೆ ಅವಧಿಯೊಳಗಿನ ನಿರ್ಬಂಧ ಸಾಮಾನ್ಯವಾಗಿ ನಿಲ್ಲುತ್ತದೆ. ಆದ್ದರಿಂದಲೇ ಬೆಂಚ್ ಕಾಯಿಸುವ ವಿಷಯ ಮುಖ್ಯ. 30 ದಿನ ಮುಖ್ಯ ನಾಲ್ವರಲ್ಲಿ ಆಡಿಸದಿದ್ದರೆ ಬಿಡುಗಡೆ ಕೇಳುವ ಹಕ್ಕು ಇರಲಿ.

ಬಹುಮಾನದ ಹಣವನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. ತಂಡ ₹10 ಲಕ್ಷ ಗೆದ್ದಿತು ಎನ್ನಿ. ಸಂಘಟಕರು ಸಾಮಾನ್ಯವಾಗಿ 30% ಟಿಡಿಎಸ್ (ಮೂಲದಲ್ಲೇ ತೆರಿಗೆ) ಹಿಡಿದೇ ಕೊಡುತ್ತಾರೆ, ಉಳಿದದ್ದು ₹7 ಲಕ್ಷ. ತಂಡ ನಡೆಸುವ ಸಂಸ್ಥೆಯ ಪಾಲು 20%. ಯಾವುದರ 20%? ಮೂಲ ಮೊತ್ತದ್ದಾದರೆ ₹2 ಲಕ್ಷ ಹೋಗಿ ಬದಲಿ ಆಟಗಾರನೂ ಸೇರಿ ಐದು ಜನಕ್ಕೆ ತಲಾ ₹1,00,000. ಕೈಗೆ ಬಂದದ್ದರದ್ದಾದರೆ ₹1.4 ಲಕ್ಷ ಹೋಗಿ ತಲಾ ₹1,12,000. ಒಂದೇ ಪದದ ಮೇಲೆ ತಲೆಗೆ ₹12,000 ವ್ಯತ್ಯಾಸ. ಇನ್ನೂ ದೊಡ್ಡ ಪ್ರಶ್ನೆ, ಟಿಡಿಎಸ್ ಹಿಡಿದ ಆ ₹3 ಲಕ್ಷ ಯಾರ ಪ್ಯಾನ್‌ಗೆ ಜಮೆಯಾಯಿತು? ಸಂಸ್ಥೆಯ ಪ್ಯಾನ್‌ಗೆ ಹೋಗಿದ್ದರೆ ಹುಡುಗನ ರಿಟರ್ನ್‌ನಲ್ಲಿ ಅದರ ಸುಳಿವೇ ಇರುವುದಿಲ್ಲ, ಅವನ ಪಾಲಿನ ಮೇಲೆ ಮತ್ತೆ ತೆರಿಗೆ ಬೀಳಬಹುದು. ಆಟಗಾರನ ಪಾಲಿಗೆ ಆಟಗಾರನ ಪ್ಯಾನ್ ಎಂದು ಬರೆಸಿ. ಆದಾಯ ತೆರಿಗೆ ಪೋರ್ಟಲ್‌ನ ಎಐಎಸ್‌ನಲ್ಲಿ (ವಾರ್ಷಿಕ ಮಾಹಿತಿ ಪಟ್ಟಿ) ಅದು ಬಂದಿದೆಯೇ ಎಂದು ಪ್ರತಿ ಟೂರ್ನಿಯ ನಂತರ ನೋಡಿ. ಪಾವತಿಯ ದಿನಾಂಕವೂ ಬೇಕು: ‘ಸಂಘಟಕರಿಂದ ಹಣ ಬಂದ 15 ದಿನದೊಳಗೆ’.

ವಯಸ್ಸು 18 ಆಗಿಲ್ಲದಿದ್ದರೆ? ‘ಅಪ್ಪ ಸಹಿ ಹಾಕಿದರೆ ಸಾಕು’ ಎಂದು ತಂಡದ ಮ್ಯಾನೇಜರ್ ಹೇಳುತ್ತಾರೆ. ಸಾಕಾಗುವುದಿಲ್ಲ. ಅಪ್ರಾಪ್ತರ ಕರಾರು ಮೊದಲಿಂದಲೇ ಶೂನ್ಯ ಎಂದು 1903ರಲ್ಲೇ ಆಗಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ ಹೇಳಿದೆ. ಅಪ್ರಾಪ್ತ ನಟಿಯ ಪರವಾಗಿ ತಂದೆ ಮಾಡಿದ ಸಿನಿಮಾ ಕರಾರನ್ನು 1940ರ ದಶಕದ ಕೊನೆಯಲ್ಲಿ ಬಾಂಬೆ ಹೈಕೋರ್ಟ್ ಮಾನ್ಯ ಮಾಡಲಿಲ್ಲ. ಪರಿಹಾರ ಕೇಳಿದ್ದ ಆಕೆಗೇ ಸೋಲಾಯಿತು. ಅಂದರೆ ತಂಡ ನಿಮ್ಮ ಮಗನನ್ನು ಕಟ್ಟಿಹಾಕಲಾರದು, ಸಂಬಳ ಬಾಕಿ ಉಳಿಸಿದರೆ ಆ ಕಾಗದ ಹಿಡಿದು ನೀವೂ ಗೆಲ್ಲುವುದು ಕಷ್ಟ. 18 ತುಂಬುವವರೆಗೆ ತಿಂಗಳ ಸಂಬಳ ಮುಂಗಡವಾಗಿ ಪಡೆಯುವುದೇ ಕ್ಷೇಮ; ತುಂಬಿದ ಮೇಲೆ ಹೊಸ ಕರಾರು. ಹಳೆಯದಕ್ಕೆ ‘ಒಪ್ಪಿದ್ದೇನೆ’ ಎಂದು ಬರೆದರೆ ಜೀವ ಬರುವುದಿಲ್ಲ. ಒಂದು ಸಮಾಧಾನ, ಸ್ವಂತ ಪ್ರತಿಭೆಯಿಂದ ಮಗ ದುಡಿದದ್ದು ಅಪ್ಪನ ಆದಾಯಕ್ಕೆ ಸೇರುವುದಿಲ್ಲ.

ಜಾಹೀರಾತಿನ ಕಲಮಿನಲ್ಲಿ ‘ಸಂಸ್ಥೆ ಸೂಚಿಸಿದ ಎಲ್ಲ ಪ್ರಾಯೋಜಕರನ್ನು ಪ್ರಚಾರ ಮಾಡಬೇಕು’ ಎಂದಿದ್ದರೆ ಗೆರೆ ಎಳೆದು ಹೊಡೆದುಹಾಕಿ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಇ–ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿದೆ, ಆದರೆ ಹಣ ಕಟ್ಟಿ ಆಡುವ ಆಟಗಳ ಜಾಹೀರಾತಿಗೆ ಎರಡು ವರ್ಷದವರೆಗೆ ಜೈಲು, ₹50 ಲಕ್ಷದವರೆಗೆ ದಂಡ ಇಟ್ಟಿದೆ. ಯೂಟ್ಯೂಬ್ ಚಾನೆಲ್‌ನಲ್ಲಿ ತಂಡಕ್ಕೆ ಮ್ಯಾನೇಜರ್ ಅನುಮತಿ ಕೊಡಿ, ಓನರ್ ಹಕ್ಕು ಬೇಡ. ರಿಕವರಿ ನಂಬರ್ ಮನೆಯದ್ದೇ ಇರಲಿ.

ನಮ್ಮ ಕಡೆಯವರಿಗೆ ಮಾತ್ರ ಬರುವ ತೊಂದರೆ ಒಂದಿದೆ. ಸ್ಕ್ರಿಮ್ಸ್ ತಪ್ಪಿಸಿದರೆ ದಿನಕ್ಕೆ ಇಷ್ಟು ದಂಡ ಎಂಬ ಕಲಮು ಬರೆಯುವವರು ಆಗುಂಬೆಯ ಜುಲೈ ಕಂಡವರಲ್ಲ. ಮರ ಬಿದ್ದು ಲೈನ್ ಹರಿದರೆ ಕರೆಂಟು, ಫೈಬರ್ ಎರಡೂ ಹೋಗುತ್ತವೆ. ಟವರಿನ ಬ್ಯಾಟರಿ ಇಳಿದ ಮೇಲೆ ಮೊಬೈಲ್ ನೆಟ್ಟೂ ಇಲ್ಲ. ಕರಾರು ಕಾಯ್ದೆಯ 74ನೇ ಕಲಮಿನಡಿ ನ್ಯಾಯವೆನಿಸುವಷ್ಟೇ ಪರಿಹಾರ ಸಿಗುವುದು ನಿಜ, ಆದರೆ ತಂಡ ಕೋರ್ಟಿಗೆ ಹೋಗುವುದಿಲ್ಲ, ಸಂಬಳದಲ್ಲಿ ಮುರಿದುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಿದ್ಯುತ್, ನೆಟ್ ವ್ಯತ್ಯಯಕ್ಕೆ ದಂಡವಿಲ್ಲ ಎಂದೋ, ಆ ನಾಲ್ಕು ತಿಂಗಳು ತಂಡದ ಖರ್ಚಿನಲ್ಲೇ ಬೂಟ್‌ಕ್ಯಾಂಪ್ (ಒಟ್ಟಿಗೆ ಉಳಿದು ಅಭ್ಯಾಸ) ಎಂದೋ ಬರೆಸಿ. ಕರೆಂಟು ಹೋದ ದಿನ ಮೆಸ್ಕಾಂನ 1912ಕ್ಕೆ ಕೊಟ್ಟ ದೂರಿನ ಸಂಖ್ಯೆಯನ್ನು, ಸಿಗ್ನಲ್ ಸಿಕ್ಕ ತಕ್ಷಣ, ಮ್ಯಾನೇಜರ್‌ಗೆ ಇಮೇಲ್ ಮಾಡಿಡಿ. ವಾಟ್ಸಾಪ್ ಧ್ವನಿ ಸಂದೇಶ ಸಾಲದು.