ಮೊರೇರ ಗುಡ್ಡದ ಕಲ್ಮನೆಗಳು ಯಾರವು?

ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಊರಿನವರಿಗೆ ಅದು ಮೊರೇರ ಗುಡ್ಡ. ಮೇಲೆ ಹತ್ತಿದರೆ ನೂರಾರು ಕಲ್ಮನೆಗಳು. ಸುತ್ತ ನಿಲ್ಲಿಸಿದ ಚಪ್ಪಡಿ, ಮೇಲೊಂದು ಹೊದಿಕೆಗಲ್ಲು. ಕೆಲವು ಆಳೆತ್ತರವನ್ನೂ ಮೀರಿವೆ. ಗಿಡ್ಡ ಜನರಾದ ಮೊರೇರು ಇಲ್ಲಿ ಬಾಳಿದರು ಎನ್ನುತ್ತದೆ ಸ್ಥಳೀಯ ಕಥೆ. ಬೇರೆಡೆ ಇಂಥವು ಪಾಂಡವರ ಪಾಲಾಗಿವೆ. ಇವು ಸತ್ತವರಿಗಾಗಿ ಎಬ್ಬಿಸಿದವು ಎಂಬುದರಲ್ಲಿ ಈಗ ತಕರಾರಿಲ್ಲ. ಎಬ್ಬಿಸಿದವರು ಯಾರು ಎಂಬ ಪ್ರಶ್ನೆಗೆ ಮಾತ್ರ ಕಾಲಕ್ಕೊಂದು ಉತ್ತರ ಬಂದಿದೆ.

1841ರಿಂದ ಸುರಪುರದ ಆಡಳಿತ ನೋಡಿಕೊಂಡ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್, ರಾಜನಕೋಳೂರು ಮತ್ತು ಜೇವರ್ಗಿ ಕಡೆಯ ಸಮಾಧಿಗಳನ್ನು ಅಗೆಸಿ, ಅಳೆದು, ಚಿತ್ರ ಬರೆದಿಟ್ಟ. ಬ್ರಿಟನ್ನಿನ ಕಲ್ಲುಗಳ ಹೋಲಿಕೆ ಕಂಡದ್ದೇ ತಡ, ಇವು ಹಳೆಯ ಯುರೋಪಿನ ಸೆಲ್ಟರವು, ಅವರ ಪುರೋಹಿತರಾದ ಡ್ರೂಯಿಡರವು, ಇಲ್ಲವೇ ಮಧ್ಯ ಏಷ್ಯಾ ಕಡೆಯ ಅಲೆಮಾರಿ ಸಿಥಿಯನ್ನರವು ಎಂದ. ಅವನ ಅಳತೆಗಳಿಗೆ ಇಂದಿಗೂ ಬೆಲೆಯಿದೆ. ಊಹೆಯೇನೋ ಮೊರೇರ ಕಥೆಗಿಂತ ಗಟ್ಟಿಯಾಗಿರಲಿಲ್ಲ.

1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್, ಅಶೋಕನ ಶಾಸನವಿರುವ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಪದರ ಪದರವಾಗಿ ಅಗೆದರು. ಅಲ್ಲಿನ ಕಲ್ಗೋರಿಗಳ ಕಟ್ಟಣೆ ನೋಡುವಂತಿದೆ. ನಾಲ್ಕು ಚಪ್ಪಡಿಗಳಲ್ಲಿ ಪ್ರತಿಯೊಂದರ ಒಂದು ತುದಿ ಪಕ್ಕದ್ದನ್ನು ದಾಟಿ ಸ್ವಸ್ತಿಕದಂತೆ ಚಾಚಿರುತ್ತದೆ. ಹೊರಗಿನ ಮಣ್ಣು ಒತ್ತಿದಷ್ಟೂ ಕಲ್ಲುಗಳು ಒಂದನ್ನೊಂದು ಬಿಗಿಹಿಡಿಯುತ್ತವೆ. ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಂಡಿ. ಒಳಗೆ ಒಬ್ಬರಿಗಿಂತ ಹೆಚ್ಚು ಜನರ ಮೂಳೆ, ಮಡಕೆ, ಕಬ್ಬಿಣದ ಸಾಮಾನು. ಇವನ್ನು ಕಟ್ಟಿದವರು ಕಬ್ಬಿಣ ಹೊತ್ತು ಹೊರಗಿನಿಂದ ಬಂದವರು, ಕಾಲ ಕ್ರಿಸ್ತಪೂರ್ವ 200ರಿಂದ ಕ್ರಿಸ್ತಶಕ ಮೊದಲ ಶತಮಾನದ ನಡುವರೆಗೆ ಎಂಬುದು ವೀಲರ್ ಲೆಕ್ಕ.

ಆ ಲೆಕ್ಕ ಹೆಚ್ಚು ದಿನ ನಿಲ್ಲಲಿಲ್ಲ. 1965ರಲ್ಲಿ ಪುರಾತತ್ವಜ್ಞ ಎಂ.ಎಸ್. ನಾಗರಾಜರಾವ್ ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಉತ್ಖನನ ನಡೆಸಿದರು. ಅಲ್ಲಿ ಸಿಕ್ಕ ಇದ್ದಿಲಿನ ಕಾಲಪರೀಕ್ಷೆ ಇಲ್ಲಿನ ಕಬ್ಬಿಣದ ಬಳಕೆಯನ್ನು ಕ್ರಿಸ್ತಪೂರ್ವ 1000ದ ಆಸುಪಾಸಿಗೆ ಒಯ್ದಿತು. ಇನ್ನೊಬ್ಬ ಪುರಾತತ್ವಜ್ಞ ಎ. ಸುಂದರ ಅವರು ಉತ್ತರ ಕರ್ನಾಟಕದ ಕಲ್ಗೋರಿಗಳನ್ನು ಊರೂರು ತಿರುಗಿ ವಿಂಗಡಿಸಿದರು. ನವಶಿಲಾಯುಗದಿಂದ ಇಲ್ಲೇ ದನ ಸಾಕಿ, ಬೆಳೆ ಬೆಳೆದವರ ಮುಂದಿನ ಪೀಳಿಗೆಯೇ ಕಲ್ಲು ನಿಲ್ಲಿಸಿತು ಎನ್ನುವ ವಾದಕ್ಕೆ ಈಗ ಹೆಚ್ಚು ಬಲವಿದೆ. ನನಗೂ ಅದೇ ಸರಿ ಎನಿಸುತ್ತದೆ. ಹಿರೇಬೆಣಕಲ್ಲಿನ ಗುಡ್ಡದ ಮೇಲೆಯೇ ಕಲ್ಲು ಎಬ್ಬಿಸಿದ ತಗ್ಗುಗಳಿವೆ, ನೀರು ನಿಲ್ಲುವ ಹೊಂಡವಿದೆ, ಬಡಿದರೆ ದೂರಕ್ಕೆ ಕೇಳಿಸುವ ಕಲ್ಲಿನ ನಗಾರಿಯಿದೆ. ದಾರಿಹೋಕರ ಕೆಲಸ ಇದಲ್ಲ.

2021ರಲ್ಲಿ ಈ ತಾಣ ಯುನೆಸ್ಕೊದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೆ ಸೇರಿತು. ಅಷ್ಟರೊಳಗೆ ನಿಧಿಗಳ್ಳರು ಎಷ್ಟೋ ಚಪ್ಪಡಿ ಉರುಳಿಸಿಯಾಗಿತ್ತು. ಇಂಥ ಗೋರಿಗಳಲ್ಲಿ ಸಿಗುವುದು ಹೆಚ್ಚಾಗಿ ಮೂಳೆ, ಮಡಕೆಚೂರು, ತುಕ್ಕು ಹಿಡಿದ ಕಬ್ಬಿಣ.