ಸ್ಪೆಸಿಮನ್ ಟೈಪ್ ಕೋಡ್: ಗಾಜಿನ ಮೇಲಿರುವುದು ಏನು?

ಪೆಥಾಲಜಿ ಸ್ಲೈಡನ್ನು ಸ್ಕ್ಯಾನ್ ಮಾಡಿ ಡೈಕಾಮ್ (ವೈದ್ಯಕೀಯ ಚಿತ್ರಗಳನ್ನು ಉಳಿಸುವ ಅಂತರರಾಷ್ಟ್ರೀಯ ಮಾನದಂಡ) ಕಡತವಾಗಿ ಉಳಿಸಿದಾಗ ಚಿತ್ರದ ಜೊತೆಗೆ ಒಂದಷ್ಟು ವಿವರಗಳೂ ಒಳಗೆ ಕೂರುತ್ತವೆ. ಅವುಗಳಲ್ಲೊಂದು ‘ಸ್ಪೆಸಿಮನ್ ಟೈಪ್ ಕೋಡ್’. ಅದು ಕೇಳುವುದಿಷ್ಟೇ: ಈ ಮಾದರಿ ಎಂಥದ್ದು? ತುಂಬಲು ಕೂತವರು ಒಬ್ಬರು ‘ಸ್ತನ’ ಎನ್ನುತ್ತಾರೆ, ಇನ್ನೊಬ್ಬರು ‘ಬಯಾಪ್ಸಿ’, ಮತ್ತೊಬ್ಬರು ‘ಕಾರ್ಸಿನೋಮ’ (ಒಂದು ಬಗೆಯ ಕ್ಯಾನ್ಸರ್), ಮಗದೊಬ್ಬರು ‘ಸ್ಲೈಡ್’. ಯಾವುದೂ ಸುಳ್ಳಲ್ಲ. ಆದರೆ ಇಲ್ಲಿ ಕೇಳಿದ ಪ್ರಶ್ನೆಗೆ ಇವುಗಳಲ್ಲಿ ಒಂದೂ ಉತ್ತರವಲ್ಲ.

ಮೊದಲು ಸ್ಪೆಸಿಮನ್ ಎಂದರೇನು ಅನ್ನುವುದು ಇತ್ಯರ್ಥವಾಗಬೇಕು. ಡೈಕಾಮ್ ಪ್ರಕಾರ, ಲ್ಯಾಬು ಯಾವ ವಸ್ತುವಿಗೆ ಪ್ರತ್ಯೇಕ ಗುರುತು ಕೊಟ್ಟು ಒಂದು ಘಟಕವೆಂದು ನಡೆಸಿಕೊಳ್ಳುತ್ತದೋ ಅದು ಸ್ಪೆಸಿಮನ್. ಆಪರೇಷನ್ ಥಿಯೇಟರಿನಿಂದ ಫಾರ್ಮಲಿನ್ ಡಬ್ಬಿಯಲ್ಲಿ ಬಂದ ಅಂಗ ಒಂದು ಸ್ಪೆಸಿಮನ್. ಗ್ರಾಸಿಂಗ್ ಮಾಡಿ, ಅಂದರೆ ಬರಿಗಣ್ಣಿನಿಂದ ಪರೀಕ್ಷಿಸಿ, ಅದರಿಂದ ಕೊಯ್ದು ಕ್ಯಾಸೆಟ್ಟಿಗೆ ಹಾಕಿ, ಪ್ಯಾರಾಫಿನ್ ಮೇಣದಲ್ಲಿ ಕೂರಿಸಿದ ಬ್ಲಾಕ್ ಇನ್ನೊಂದು. ಮೈಕ್ರೋಟೋಮ್ ಆ ಬ್ಲಾಕಿನಿಂದ ತೆಗೆದ ಕೆಲವೇ ಮೈಕ್ರಾನ್ ದಪ್ಪದ ಸೆಕ್ಷನ್ ಮತ್ತೊಂದು. ಸ್ಕ್ಯಾನರ್ ಕಂಡಿರುವುದು ಈ ಕೊನೆಯದನ್ನು ಮಾತ್ರ. ಹಾಗಾಗಿ ಚಿತ್ರಕ್ಕೆ ಕೊಡುವ ಟೈಪ್ ಕೋಡ್ ಕೂಡ ಇದರದ್ದೇ ಆಗಬೇಕು, ಅಂದರೆ ‘ಟಿಶ್ಯೂ ಸೆಕ್ಷನ್’. ಡಬ್ಬಿಯಲ್ಲಿ ಬಂದ ಅಂಗದ ಕೋಡನ್ನು ಇಲ್ಲಿಗೆ ತರುವಂತಿಲ್ಲ.

ಹಾಗಾದರೆ ಆ ಗಾಜು? ಅದು ಮಾದರಿಯಲ್ಲ, ಮಾದರಿಯನ್ನು ಹೊತ್ತ ಪಾತ್ರೆ. ಅದಕ್ಕೆ ‘ಕಂಟೈನರ್ ಟೈಪ್’ ಎಂಬ ಬೇರೆಯೇ ಜಾಗವಿದೆ. ವೈದ್ಯಕೀಯ ಪದಗಳಿಗೆ ಸಂಖ್ಯೆ ಕೊಡುವ ಸ್ನೋಮೆಡ್ ಸಿಟಿ ಎಂಬ ಪದಕೋಶದ 433466003, ಅಂದರೆ ಮೈಕ್ರೋಸ್ಕೋಪ್ ಸ್ಲೈಡ್, ಅಲ್ಲಿ ಕೂರುತ್ತದೆ. ಇದು ಬರೀ ಕೂದಲು ಸೀಳುವ ಕೆಲಸ ಅನ್ನಿಸಬಹುದು. ಆದರೆ ಒಂದೇ ಗಾಜಿನ ಮೇಲೆ ಎರಡು ಬ್ಲಾಕುಗಳ ಸೆಕ್ಷನ್ ಇಟ್ಟಿದ್ದರೆ, ಅಥವಾ ಟಿಶ್ಯೂ ಮೈಕ್ರೋಅರೇಯಲ್ಲಿ ಬೇರೆ ಬೇರೆ ರೋಗಿಗಳ ಚುಕ್ಕಿಗಳು ಸಾಲಾಗಿ ಕೂತಿದ್ದರೆ, ಕಂಟೈನರ್ ಒಂದು, ಸ್ಪೆಸಿಮನ್ ಹಲವು. ಗಾಜನ್ನೇ ಮಾದರಿ ಎಂದವರಿಗೆ ಆ ಹಲವನ್ನು ಹೇಳಲು ದಾರಿಯೇ ಉಳಿಯುವುದಿಲ್ಲ.

ಉಳಿದ ಮೂರು ಉತ್ತರಗಳಿಗೂ ಅವರವರ ಮನೆ ಉಂಟು. ‘ಸ್ತನ’ ಹೋಗಬೇಕಾದ್ದು ಮೂಲ ಅಂಗವನ್ನು ಹೇಳುವ ಜಾಗಕ್ಕೆ. ಅದರ ಸ್ನೋಮೆಡ್ ಸಂಖ್ಯೆ 76752008. ‘ಬಯಾಪ್ಸಿ’ ಮಾದರಿ ತೆಗೆದ ವಿಧಾನ, ಅದು ಫಾರ್ಮಲಿನ್, ಮೇಣ, ಎಚ್ ಅಂಡ್ ಇ ಬಣ್ಣಗಳ ಜೊತೆ ತಯಾರಿಕೆಯ ಹಂತಗಳಲ್ಲಿ ದಾಖಲಾಗುತ್ತದೆ. ಲ್ಯಾಬಿನ ಮಾತಿನಲ್ಲಿ ‘ಬಯಾಪ್ಸಿ ಬಂತಾ?’ ಅಂದರೆ ಡಬ್ಬಿಯೂ ಆದೀತು, ರಿಪೋರ್ಟೂ ಆದೀತು. ಕಂಪ್ಯೂಟರಿಗೆ ಆ ಸಲಿಗೆ ಇಲ್ಲ. ಇನ್ನು ‘ಕಾರ್ಸಿನೋಮ’ ಎನ್ನುವುದು ಸ್ಲೈಡ್ ನೋಡಿದ ಮೇಲೆ ಪೆಥಾಲಜಿಸ್ಟ್ ಹೇಳುವ ಮಾತು. ಅದನ್ನು ನೋಡುವ ಮುಂಚೆಯೇ ಮಾದರಿಯ ಹಣೆಗೆ ಅಂಟಿಸುವುದು ಅಪಾಯ.

ಈ ವಿಂಗಡಣೆ ಹೊಸದೇನಲ್ಲ. ಸ್ನೋಮೆಡ್ಡಿನ ಮೂಲವೇ ಪೆಥಾಲಜಿಯಲ್ಲಿದೆ. ಅಮೆರಿಕದ ಪೆಥಾಲಜಿಸ್ಟರ ಕಾಲೇಜು 1965ರಲ್ಲಿ ತಂದ ‘ಸ್ನೋಪ್’ ಪದಕೋಶ ದೇಹದ ಜಾಗ, ರೂಪ ಬದಲಾವಣೆ, ಕಾರಣ, ಕ್ರಿಯೆ ಎಂಬ ನಾಲ್ಕು ಅಕ್ಷಗಳನ್ನು ಬೇರೆಬೇರೆಯಾಗಿಯೇ ಇಟ್ಟಿತ್ತು. ಅದರ ವಂಶದ ಸ್ನೋಮೆಡ್ ಆರ್‌ಟಿ ಬ್ರಿಟನ್ನಿನ ಕ್ಲಿನಿಕಲ್ ಟರ್ಮ್ಸ್ ಜೊತೆ ಸೇರಿ 2002ರಲ್ಲಿ ಸ್ನೋಮೆಡ್ ಸಿಟಿ ಆಯಿತು. ಇಂದಿನ ಸ್ನೋಮೆಡ್ಡಿನಲ್ಲೂ 123038009 ಎಂಬ ‘ಸ್ಪೆಸಿಮನ್’ ಬುಡದಿಂದ ಟಿಸಿಲೊಡೆಯುವ ಮರ ಬೇರೆ, ದೇಹದ ಭಾಗಗಳ ಮರ ಬೇರೆ. ಟೈಪ್ ಕೋಡ್ ಮೊದಲನೇ ಮರದಿಂದಲೇ ಬರಬೇಕು. ಡೈಕಾಮ್ ಇದಕ್ಕೆಂದೇ 8103 ಸಂಖ್ಯೆಯ ಕೋಡ್ ಪಟ್ಟಿಯನ್ನು ಸೂಚಿಸುತ್ತದೆ.

ಮೊದಲನೇ ಮರದಲ್ಲೂ ಒಂದು ಆಮಿಷವಿದೆ. ಮೂಲ ಅಂಗ, ತೆಗೆದ ವಿಧಾನ ಎಲ್ಲವನ್ನೂ ಒಂದೇ ಸಂಖ್ಯೆಯಲ್ಲಿ ಹೊಸೆದ ಸಿದ್ಧ ಕೋಡುಗಳು ಅಲ್ಲಿ ಸಿಗುತ್ತವೆ: ‘ಬಯಾಪ್ಸಿಯಿಂದ ಪಡೆದ ಸ್ತನದ ಅಂಗಾಂಶ’ ಎಂಬಂಥವು. ರಿಕ್ವೆಸ್ಟ್ ಫಾರಂ ತುಂಬುವವರಿಗೆ ಅನುಕೂಲವೇ. ಚಿತ್ರದ ಕಡತದಲ್ಲಿ ನಾನಂತೂ ಬೇಡವೆನ್ನುತ್ತೇನೆ. ಅಂಗದ ವಿವರ ಎರಡು ಕಡೆ ಕೂರುತ್ತದೆ. ನಾಳೆ ಒಂದು ಕಡೆ ತಿದ್ದಿ ಇನ್ನೊಂದು ಕಡೆ ಬಿಟ್ಟರೆ ಯಾವುದನ್ನು ನಂಬುವುದು? ಮೇಲಾಗಿ, ಪ್ರತಿ ಅಂಗಕ್ಕೂ ಪ್ರತಿ ವಿಧಾನಕ್ಕೂ ಸಿದ್ಧ ಕೋಡ್ ಇರುವುದಿಲ್ಲ. ಇದ್ದದ್ದಕ್ಕೆ ಒಂದು ರೀತಿ, ಇಲ್ಲದ್ದಕ್ಕೆ ಇನ್ನೊಂದು ರೀತಿ ಬರೆದ ಸಂಗ್ರಹದಲ್ಲಿ ಹುಡುಕುವವರು ಸುಸ್ತಾಗುತ್ತಾರೆ.

ಟೈಪ್ ಎಂಬ ಒಂದೇ ವಿವರ ನಿಜಕ್ಕೂ ಕೆಲಸಕ್ಕೆ ಬರುವುದು ಮೂಳೆಮಜ್ಜೆಯಂಥ ಕಡೆ. ಅದೇ ರೋಗಿ, ಅದೇ ಜಾಗ. ಸೂಜಿಯಲ್ಲಿ ಎಳೆದ ಮಜ್ಜೆಯನ್ನು ಗಾಜಿನ ಮೇಲೆ ಸವರಿದರೆ ಸ್ಮಿಯರ್. ಟ್ರಿಫೈನ್ ಸೂಜಿಯಿಂದ ತೆಗೆದ ಮೂಳೆಯ ತುಂಡು ಕ್ಯಾಲ್ಸಿಯಂ ಕಳೆದುಕೊಂಡು, ಮೇಣದಲ್ಲಿ ಕೂತು, ಟಿಶ್ಯೂ ಸೆಕ್ಷನ್ ಆಗುತ್ತದೆ. ಮೊದಲನೆಯದರಲ್ಲಿ ಜೀವಕೋಶಗಳು ಬಿಡಿಬಿಡಿ, ಎರಡನೆಯದರಲ್ಲಿ ಅವುಗಳ ನೆರೆಹೊರೆ ಹಾಗೇ ಉಳಿದಿರುತ್ತದೆ. ಎರಡಕ್ಕೂ ‘ಮೂಳೆಮಜ್ಜೆ’ ಎಂದಷ್ಟೇ ಬರೆದು ಒಂದು ಎಐ ಮಾದರಿಗೆ ಉಣಿಸಿದರೆ ಅದು ಕಲಿಯುವುದು ಗೊಂದಲವನ್ನೇ. ಸಣ್ಣ ಸೂಜಿಯಿಂದ ಜೀವಕೋಶ ಎಳೆದು ಮಾಡುವ ಎಫ್‌ಎನ್‌ಎಸಿ ಸ್ಮಿಯರಿಗೂ ಇದೇ ನ್ಯಾಯ. ಬಿಡಿ ಕೋಶಗಳನ್ನು ಒಟ್ಟುಗೂಡಿಸಿ ಮಾಡಿದ ಸೆಲ್ ಬ್ಲಾಕ್ ಮಾತ್ರ ತಕರಾರಿನದು: ಬಂದದ್ದು ಸೈಟಾಲಜಿಯಿಂದ (ಬಿಡಿ ಜೀವಕೋಶಗಳ ಪರೀಕ್ಷೆ), ಆದರೆ ಮೇಣದಲ್ಲಿ ಕೂರಿಸಿ ಕೊಯ್ದದ್ದು. ಅಲ್ಲಿ ಲ್ಯಾಬು ಮೊದಲೇ ಒಂದು ತೀರ್ಮಾನ ಮಾಡಿ ಬರೆದಿಟ್ಟುಕೊಳ್ಳುವುದೇ ವಾಸಿ.

ಹಳೆಯ ಸಂಗ್ರಹಗಳನ್ನು ಡೈಕಾಮ್‌ಗೆ ತರುವವರಿಗೆ ಟಿಸಿಜಿಎ ಒಳ್ಳೆಯ ಪಾಠ. ಅಮೆರಿಕದ ಆ ಕ್ಯಾನ್ಸರ್ ಜೀನೋಮ್ ಯೋಜನೆಯ ಬಾರ್‌ಕೋಡಿನಲ್ಲಿ ಮಾದರಿಗೆ ಎರಡಂಕಿಯ ಗುರುತಿತ್ತು: 01 ಎಂದರೆ ಪ್ರಾಥಮಿಕ ಗಡ್ಡೆ, 10 ರಕ್ತದಿಂದ ಬಂದ ಸಾಮಾನ್ಯ ಮಾದರಿ, 11 ಸಾಮಾನ್ಯ ಘನ ಅಂಗಾಂಶ. ವಸ್ತು ಯಾವುದು, ಗಡ್ಡೆಯೋ ಅಲ್ಲವೋ ಎಂಬೆರಡು ಸಂಗತಿ ಒಂದೇ ಅಂಕೆಯಲ್ಲಿ ಬೆರೆತಿವೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಇಮೇಜಿಂಗ್ ಡೇಟಾ ಕಾಮನ್ಸ್‌ನಲ್ಲಿ ಇದೇ ಸ್ಲೈಡುಗಳು ಡೈಕಾಮ್ ರೂಪದಲ್ಲಿವೆ. ಅಲ್ಲಿ ಗಡ್ಡೆಯೋ ಸಾಮಾನ್ಯವೋ ಎಂಬುದು ಅಂಗದ ವಿವರಕ್ಕೆ ವಿಶೇಷಣವಾಗಿ ಹೋಗಿದೆ. ಮೇಣದ್ದೋ ಶೈತ್ಯೀಕರಿಸಿದ್ದೋ ಎಂಬುದು ತಯಾರಿಕೆಯ ಹಂತಕ್ಕೆ ಸೇರಿದೆ.

ಹಳೆಯ ದಾಖಲೆಯಲ್ಲಿ ಮಾಹಿತಿ ಅಷ್ಟಾಗಿ ಇಲ್ಲದಿದ್ದರೆ ಮರದಲ್ಲಿ ಒಂದು ಮೆಟ್ಟಿಲು ಮೇಲೆ ಹೋಗಿ 119376003, ಅಂದರೆ ಬರೀ ‘ಅಂಗಾಂಶ ಮಾದರಿ’, ಎಂದು ನಿಲ್ಲಿಸಬಹುದು. ಊಹಿಸಿ ತುಂಬಿದ ನಿಖರ ಕೋಡಿಗಿಂತ ಅದು ಎಷ್ಟೋ ಮೇಲು.

ಡೈಕಾಮ್‌ನಲ್ಲಿ ಕೋಡ್ ಎಂದರೆ ಮೂರು ಭಾಗ: ಸಂಖ್ಯೆ, ಅದು ಯಾವ ಪದಕೋಶದ್ದು ಎಂಬ ಗುರುತು, ಮನುಷ್ಯರು ಓದಲು ಹೆಸರು. ಯಂತ್ರಕ್ಕೆ ಮೊದಲೆರಡೇ ಲೆಕ್ಕ. ಹಳೆಯ ಕಡತಗಳಲ್ಲಿ ಸ್ತನಕ್ಕೆ ‘ಟಿ-04000’ ಎಂಬ ಹಿಂದಿನ ಸ್ನೋಮೆಡ್ ಗುರುತು ಕಂಡರೆ ಗಾಬರಿ ಬೇಡ, ಅದು ಮೇಲೆ ಹೇಳಿದ 76752008ರ ಅಣ್ಣ. ಭಾರತ 2014ರಿಂದ ಸ್ನೋಮೆಡ್ ಸದಸ್ಯ ರಾಷ್ಟ್ರ. ಪುಣೆಯ ಸಿ-ಡ್ಯಾಕ್‌ನಲ್ಲಿರುವ ರಾಷ್ಟ್ರೀಯ ಕೇಂದ್ರದಲ್ಲಿ ನೋಂದಾಯಿಸಿಕೊಂಡರೆ ಇಲ್ಲಿನ ಲ್ಯಾಬುಗಳಿಗೆ ಬಳಕೆ ಉಚಿತ.

ಕೋಡ್ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಇಟ್ಟುಕೊಳ್ಳುವವರಿಗೆ ಒಂದು ಮಾತು: ಸ್ನೋಮೆಡ್ ಸಂಖ್ಯೆ 18 ಅಂಕಿಗಳವರೆಗೂ ಬೆಳೆಯಬಹುದು, ಎಕ್ಸೆಲ್ 15ರ ಆಚೆಗಿನದನ್ನು ಸೊನ್ನೆ ಮಾಡಿಬಿಡುತ್ತದೆ. ಆ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಎಂದು ಗೊತ್ತುಮಾಡಿ. ಸಂಖ್ಯೆಯ ಕೊನೆಯ ಅಂಕಿ ಡಚ್ ಗಣಿತಜ್ಞ ವೆರ್‌ಹೂಫ್ ರೂಪಿಸಿದ ತಪಾಸಣಾ ಅಂಕಿ. ಟೈಪಿಸುವಾಗ ಒಂದಂಕಿ ತಪ್ಪಿದರೆ, ಅಕ್ಕಪಕ್ಕದವು ಅದಲುಬದಲಾದರೆ ಅದು ಹಿಡಿದುಕೊಡುತ್ತದೆ. ‘ಟಿಶ್ಯೂ ಸೆಕ್ಷನ್’ ಇರಬೇಕಾದಲ್ಲಿ ‘ಸ್ತನ’ ಕೂತಿದ್ದರೆ ಮಾತ್ರ ಅದಕ್ಕೆ ಗೊತ್ತಾಗುವುದಿಲ್ಲ.