ಕಾರ್ಖಾನೆ ಮಾರಿದ ಮೇಲೆ ಸಂಶೋಧನೆ ಯಾರ ಕೈಯಲ್ಲಿ?

ತಂತ್ರಜ್ಞಾನ ವರ್ಗಾವಣೆಯ ಒಪ್ಪಂದ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಸುಧಾರಣೆಯ ಷರತ್ತನ್ನು. ತಂತ್ರಜ್ಞಾನ ಪಡೆದವರು ಅದನ್ನು ಮುಂದೆ ಉತ್ತಮಪಡಿಸಿದರೆ, ಆ ಹೊಸ ಜ್ಞಾನ ಯಾರ ಹೆಸರಿಗೆ ಎಂಬುದು ಅಲ್ಲಿರುತ್ತದೆ. ತಂತ್ರಜ್ಞಾನ ಕೊಟ್ಟವರಿಗೇ ಅದು ಬಿಡಿಗಾಸಿಲ್ಲದೆ ಹೋಗಬೇಕು ಎಂದು ಎಷ್ಟೋ ಕರಡುಗಳಲ್ಲಿ ಬರೆದಿರುತ್ತಾರೆ. ರಾಯಲ್ಟಿಯ ಅರ್ಧ ಪರ್ಸೆಂಟಿಗೆ ಗಂಟೆಗಟ್ಟಲೆ ಚೌಕಾಸಿ ಮಾಡುವ ಉದ್ದಿಮೆದಾರರು ಇದರ ಮೇಲೆ ಸುಮ್ಮನೆ ಸಹಿ ಹಾಕುತ್ತಾರೆ. ನನಗೆ ಹೊಟ್ಟೆ ಉರಿಯುವುದು ಇಲ್ಲೇ.

ಹಂಗೇರಿಯ ಟಂಗ್ಸ್ರಾಮ್ ಕಥೆ ಈ ಪ್ರಶ್ನೆಯ ದೊಡ್ಡ ರೂಪ. ದೇಶ ಸಮಾಜವಾದದಿಂದ ಮಾರುಕಟ್ಟೆಗೆ ಹೊರಳುತ್ತಿತ್ತು, ತಲೆಯ ಮೇಲೆ ವಿದೇಶಿ ಸಾಲವಿತ್ತು. 1989ರ ನವೆಂಬರಿನಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ (ಜಿಇ) 15 ಕೋಟಿ ಡಾಲರ್ ಕೊಟ್ಟು ಈ ಬಲ್ಬ್ ಕಂಪನಿಯ ಅರ್ಧಕ್ಕಿಂತ ತುಸು ಹೆಚ್ಚು ಪಾಲನ್ನು ಕೊಂಡಿತು. ಟಂಗ್ಸ್ರಾಮ್ ಬೇರೆಯವರ ನಕ್ಷೆ ನೋಡಿ ಬಲ್ಬ್ ಮಾಡುತ್ತಿದ್ದ ಕಂಪನಿಯಲ್ಲ. 1946ರಲ್ಲಿ ಭೌತವಿಜ್ಞಾನಿ ಜೋಲ್ಟಾನ್ ಬಾಯ್ ನೇತೃತ್ವದ ಅದರ ಪ್ರಯೋಗಾಲಯ ಚಂದ್ರನಿಗೆ ರೇಡಾರ್ ಅಲೆ ಕಳಿಸಿ ಪ್ರತಿಧ್ವನಿ ಹಿಡಿದಿತ್ತು. ಕೊರತೆಯಿದ್ದದ್ದು ಬಂಡವಾಳ, ಗುಣಮಟ್ಟ ನಿಯಂತ್ರಣ, ಪಶ್ಚಿಮದ ಮಾರುಕಟ್ಟೆಯಲ್ಲಿ.

ಜಿಇ ಅವನ್ನು ತಂದಿತು, ನಿಜ. ಕೆಲವೇ ವರ್ಷಗಳಲ್ಲಿ ಕೆಲಸಗಾರರ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಆದರೆ ಸಂಶೋಧನಾ ವಿಭಾಗ ಮುಚ್ಚಲಿಲ್ಲ. ಬುಡಾಪೆಸ್ಟ್ ಜಿಇಯ ಬೆಳಕಿನ ಉದ್ಯಮಕ್ಕೆ ದೊಡ್ಡ ಸಂಶೋಧನಾ ಕೇಂದ್ರವಾಯಿತು. ವಿದೇಶಿ ಒಡೆತನ ಬಂದೊಡನೆ ಪ್ರಯೋಗಾಲಯಕ್ಕೆ ಬೀಗ ಬೀಳುತ್ತದೆ ಎನ್ನುವವರು ಇದನ್ನು ನೆನಪಿಡಬೇಕು. ಆದರೆ ಯಾವ ದಾರಿಗೆ ಹಣ ಹಾಕಬೇಕೆಂಬ ಕೊನೆಯ ಮಾತು ಮಾತ್ರ ಅಮೆರಿಕದ್ದು. ಎಲ್‌ಇಡಿ ಬಂದು ಹಳೆಯ ದೀಪಗಳ ಮಾರುಕಟ್ಟೆ ಕುಸಿದಾಗ ಜಿಇ ಆ ವ್ಯವಹಾರದಿಂದಲೇ ಹೊರನಡೆಯಿತು. 2018ರಲ್ಲಿ ಟಂಗ್ಸ್ರಾಮನ್ನು ಜಿಇಯ ಮಾಜಿ ಅಧಿಕಾರಿಯೊಬ್ಬರು ಕೊಂಡರು. 2022ರಲ್ಲಿ ಕಂಪನಿ ದಿವಾಳಿಯಾಯಿತು.

ಇಂಥ ಮಾರಾಟದಲ್ಲಿ ಸರ್ಕಾರಗಳು ಬೆಲೆ ಮತ್ತು ಉದ್ಯೋಗದ ಬಗ್ಗೆ ಪಟ್ಟು ಹಿಡಿಯುತ್ತವೆ. ನನ್ನನ್ನು ಕೇಳಿದರೆ ಇನ್ನೊಂದು ಸಾಲು ಬರೆಸಿಕೊಳ್ಳಿ ಎನ್ನುತ್ತೇನೆ: ಹೊಸ ಒಡೆಯರು ಒಂದು ಸಂಶೋಧನೆಯನ್ನು ಕೈಬಿಟ್ಟರೆ ಅದರ ಪೇಟೆಂಟ್, ಡ್ರಾಯಿಂಗ್, ಪ್ರಯೋಗದ ದಾಖಲೆಗಳು ನಿಗದಿತ ಅವಧಿಯೊಳಗೆ ಅಲ್ಲಿನ ವಿಶ್ವವಿದ್ಯಾಲಯಕ್ಕೋ ಉದ್ದಿಮೆಗೋ ನ್ಯಾಯವಾದ ಬೆಲೆಗೆ ಸಿಗಬೇಕು, ಆ ಕೆಲಸ ಬಲ್ಲ ಎಂಜಿನಿಯರುಗಳು ಅಲ್ಲಿಗೆ ಸೇರಲು ಯಾವ ನಿರ್ಬಂಧವೂ ಇರಬಾರದು.